ಮತಗಟ್ಟೆಯ ಚೀಲದ ಚರಿತ್ರೆ

ಚುನಾವಣೆ ಹತ್ತಿರ ಬಂತೆಂದರೆ ಶಾಲೆಗೆ ಆದೇಶಪತ್ರ ಬರುತ್ತದೆ. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಶಿಕ್ಷಕರು ಕೆಲವು ದಿನಗಳ ಮಟ್ಟಿಗೆ ಮತಗಟ್ಟೆ ಅಧಿಕಾರಿಗಳಾಗುತ್ತಾರೆ. ಮತದಾನದ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಸರತಿಯಲ್ಲಿ ನಿಂತು, ಪಟ್ಟಿಗೆ ಒಂದೊಂದಾಗಿ ಗುರುತು ಹಾಕುತ್ತಾ ಸಾಮಗ್ರಿಯ ಚೀಲ ಪಡೆದ ಅನುಭವ ಈ ಲೇಖನದ ಓದುಗರಲ್ಲಿ ಅನೇಕರಿಗೆ ಇರಬಹುದು. ಆ ಚೀಲದಲ್ಲಿ ಏನೇನಿರುತ್ತದೆ? ಶಾಯಿ ಸೀಸೆ, ಸ್ಟಾಂಪ್ ಪ್ಯಾಡ್, ಅರಗು, ಮೇಣದಬತ್ತಿ, ದಾರ, ಗುಂಡುಸೂಜಿ, ಬ್ಲೇಡು, ಹಸಿರು ಕಾಗದದ ಮುದ್ರೆ, ರಬ್ಬರ್ ಮೊಹರು, ಹತ್ತಾರು ನಮೂನೆ, ಲಕೋಟೆಗಳು. ಶಾಯಿ ಸೀಸೆ ಉರುಳದಂತೆ ಮರಳಿನಲ್ಲಿ ಹೂತಿಡಲು ಒಂದು ಬಟ್ಟಲು ಕೂಡ ಇರುತ್ತದೆ.

ನೋಡಲು ಇವು ಸಾಮಾನ್ಯ ವಸ್ತುಗಳು. ಆದರೆ ಇವುಗಳಲ್ಲಿ ಬಹುಪಾಲಿನ ಹಿಂದೆ ಒಂದು ಮೋಸದ ಅಥವಾ ಸಂಶಯದ ಕಥೆ ಇದೆ. ಈ ಚರಿತ್ರೆಯನ್ನು ತಿಳಿಯಲು ಈಗ ಒಂದು ಕಾರಣವೂ ಒದಗಿದೆ.

ಬೆಂಗಳೂರಿನ ಪೂರ್ವಭಾಗದಲ್ಲಿ, ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ಗರುಡಾಚಾರ್‌ಪಾಳ್ಯವಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಲ್ಲಿ ಇದು 82ನೆಯದಾಗಿತ್ತು. 2010 ಮತ್ತು 2015ರ ಪಾಲಿಕೆ ಚುನಾವಣೆಗಳಲ್ಲಿ ಇಲ್ಲಿನ ಜನ ಯಂತ್ರದ ಗುಂಡಿ ಒತ್ತಿ ಮತ ಹಾಕಿದರು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಗರುಡಾಚಾರ್‌ಪಾಳ್ಯ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಅದೇ ತಿಂಗಳು ರಾಜ್ಯ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರಗಳ ಮೂಲಕ ನಡೆಸುವಂತೆ ಶಿಫಾರಸು ಮಾಡಿತು. ಕಾಗದವೋ ಯಂತ್ರವೋ ಎಂಬ ಚರ್ಚೆ ಮತ್ತೆ ಎದ್ದಿತು. ಈ ಚರ್ಚೆ ಸಾಮಾನ್ಯವಾಗಿ ಪಕ್ಷಗಳ ನಡುವೆ ನಡೆಯುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಬೇರೊಂದು ಪ್ರಶ್ನೆ ಕೇಳಬಹುದು: ಯಾವ ಸಾಮಗ್ರಿ ಯಾವ ದೋಷವನ್ನು ತಡೆಯಲು ಬಂತು? ಅದು ಬಂದ ಮೇಲೆ ಯಾವ ಹೊಸ ದೋಷಕ್ಕೆ ದಾರಿಯಾಯಿತು?

ಅಭ್ಯರ್ಥಿಗೊಂದು ಪೆಟ್ಟಿಗೆ

1947ರವರೆಗೆ ಹಲಸೂರು, ಶಿವಾಜಿನಗರಗಳಿದ್ದ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಅದರಾಚೆಗೆ ಕೆ.ಆರ್. ಪುರದ ಸುತ್ತಲಿನ ಹಳ್ಳಿಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿತ್ತಾದರೂ, ಮತ ಹಾಕುವ ಹಕ್ಕು ಆಸ್ತಿ, ಕಂದಾಯ ಮುಂತಾದ ಅರ್ಹತೆಗಳಿದ್ದ ಕೆಲವರಿಗೆ ಮಾತ್ರ ಸೀಮಿತವಾಗಿತ್ತು. ಗಡಿಯ ಈಚೆಯವರೂ ಆಚೆಯವರೂ, ಗಂಡಸರೂ ಹೆಂಗಸರೂ, ಓದಿದವರೂ ಓದದವರೂ ಒಂದೇ ನಿಯಮದಡಿ ಮತಗಟ್ಟೆಗೆ ಬಂದದ್ದು 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ.

ಆಗ ದೇಶದ ಮತದಾರರ ಸಂಖ್ಯೆ ಸುಮಾರು 17 ಕೋಟಿ. ಅವರಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ. ಅಭ್ಯರ್ಥಿಗಳ ಹೆಸರು ಓದಿ ಗುರುತು ಹಾಕಿ ಎಂದರೆ ಆಗದ ಮಾತು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಆಯೋಗ ಇದಕ್ಕೆ ಸರಳ ಉಪಾಯ ಮಾಡಿತು. ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಮತದಾರರು ಪರದೆಯ ಹಿಂದೆ ಹೋಗಿ, ಹೆಸರಿಲ್ಲದ ಮತಪತ್ರವನ್ನು ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಸಾಕು. ಇದಕ್ಕಾಗಿ ಸುಮಾರು 20 ಲಕ್ಷ ಉಕ್ಕಿನ ಪೆಟ್ಟಿಗೆಗಳು ತಯಾರಾದವು. ತಗುಲಿದ ಉಕ್ಕು ಸುಮಾರು 8,200 ಟನ್. ಮುಂಬಯಿಯ ವಿಕ್ರೋಲಿಯಲ್ಲಿದ್ದ ಗೋದ್ರೆಜ್ ಕಾರ್ಖಾನೆಯಲ್ಲೇ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ಸಿದ್ಧವಾದವು. ದೇಶದಾದ್ಯಂತ 2,24,000 ಮತಗಟ್ಟೆಗಳು ಏರ್ಪಟ್ಟವು.

ಓದಲು ಬಾರದವರಿಗೂ ಗುಪ್ತ ಮತದಾನ ಸಾಧ್ಯವಾಯಿತೆಂಬುದು ಈ ಪದ್ಧತಿಯ ದೊಡ್ಡ ಗುಣ. ಅದರ ದೌರ್ಬಲ್ಯವೂ ಅಲ್ಲೇ ಇತ್ತು. ಮತ ಯಾರಿಗೆ ಎಂಬುದನ್ನು ಕಾಗದ ಹೇಳುತ್ತಿರಲಿಲ್ಲ, ಪೆಟ್ಟಿಗೆ ಮಾತ್ರ ಹೇಳುತ್ತಿತ್ತು. ಪರದೆಯ ಹಿಂದೆ ಹೋದವರು ಕಾಗದವನ್ನು ಪೆಟ್ಟಿಗೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೊರಬಂದು ಮತ್ತೊಬ್ಬರಿಗೆ ಕೊಡಬಹುದಿತ್ತು. ಅಭ್ಯರ್ಥಿಗಳು ಹೆಚ್ಚಿದಷ್ಟೂ ಪೆಟ್ಟಿಗೆಗಳನ್ನು ಹೊತ್ತು ಸಾಗಿಸುವ ಶ್ರಮವೂ ಹೆಚ್ಚುತ್ತಿತ್ತು.

ಮೊಹರು ಮತ್ತು ಕನ್ನಡಿ ಬಿಂಬ

1960ರ ದಶಕದ ಆರಂಭದಲ್ಲಿ ಪದ್ಧತಿ ಬದಲಾಯಿತು. ಎಲ್ಲ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳನ್ನು ಒಂದೇ ಮತಪತ್ರದಲ್ಲಿ ಮುದ್ರಿಸಿ, ಬೇಕಾದ ಚಿಹ್ನೆಯ ಎದುರು ಮೊಹರು ಒತ್ತುವ ವ್ಯವಸ್ಥೆ ಬಂತು. ಈಗ ಮತದ ಗುರುತು ಕಾಗದದ ಮೇಲೆಯೇ ಉಳಿಯಿತು. ಒಂದೇ ಪೆಟ್ಟಿಗೆ ಸಾಕಾಯಿತು. ಕೂಡಲೇ ಹೊಸ ತೊಡಕು ಎದುರಾಯಿತು. ಹಸಿ ಶಾಯಿಯ ಗುರುತಿರುವ ಕಾಗದವನ್ನು ಮಡಿಸಿದರೆ ಅದು ಇನ್ನೊಂದು ಕಡೆಗೂ ಅಂಟುತ್ತದೆ. ಎಣಿಸುವವರಿಗೆ ಎರಡು ಗುರುತು ಕಂಡರೆ ನಿಜವಾದದ್ದು ಯಾವುದು?

ಉತ್ತರ ಮೊಹರಿನ ಆಕಾರದಲ್ಲಿದೆ. ಗುಣಾಕಾರದ ಚಿಹ್ನೆಯನ್ನೋ ವೃತ್ತವನ್ನೋ ಒತ್ತಿದ್ದರೆ ಮೂಲ ಗುರುತೂ ಅಂಟಿದ ಗುರುತೂ ಒಂದೇ ತರಹ ಕಾಣುತ್ತಿದ್ದವು, ಏಕೆಂದರೆ ಅವುಗಳ ಕನ್ನಡಿ ಬಿಂಬ ಮೂಲದಂತೆಯೇ ಇರುತ್ತದೆ. ಚುನಾವಣೆಯ ಮೊಹರಿನಲ್ಲಿರುವುದು ಒಂದೇ ದಿಕ್ಕಿಗೆ ಬಾಗಿದ ತುದಿಗಳಿರುವ ಬಾಣದ ಶಿಲುಬೆ. ಅದರ ಬಿಂಬ ಎದುರು ದಿಕ್ಕಿಗೆ ತಿರುಗಿರುತ್ತದೆ. ಹಾಗಾಗಿ ಅಂಟಿದ ಗುರುತನ್ನು ನೋಡಿದ ಕೂಡಲೇ ಗುರುತಿಸಬಹುದು. ಮತಪತ್ರವನ್ನು ಮೊದಲು ಉದ್ದುದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಬೇಕೆಂಬ ಸೂಚನೆಯಲ್ಲೂ ಅರ್ಥವಿದೆ. ಮೊದಲ ಮಡಿಕೆಯಲ್ಲಿ ಶಾಯಿ ಅಂಟಿದರೂ ಅದೇ ಸಾಲಿನಲ್ಲಿ, ಅಂದರೆ ಅದೇ ಅಭ್ಯರ್ಥಿಯ ಎದುರೇ ಅಂಟುತ್ತದೆ. ಸಮಮಿತಿಯ ಪಾಠ ಮಾಡುವಾಗ ಎರಡು ಆಕಾರಗಳನ್ನು ಹಸಿ ಶಾಯಿಯಲ್ಲಿ ಬರೆದು ಮಡಿಸಿ ತೋರಿಸಿದರೆ ಮಕ್ಕಳಿಗೆ ಇದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಕಾಗದಕ್ಕೆ ಅಳತೆಯ ಮಿತಿಯೂ ಇದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿದ್ದವರು 456 ಮಂದಿ! ಇಷ್ಟು ಹೆಸರು, ಇಷ್ಟು ಚಿಹ್ನೆಗಳನ್ನು ಸಾಮಾನ್ಯ ಹಾಳೆಯಲ್ಲಿ ಹಿಡಿಸುವುದು ಹೇಗೆ? ಅದೇ ವರ್ಷ ಲೋಕಸಭಾ ಅಭ್ಯರ್ಥಿಗಳ ಠೇವಣಿಯನ್ನು 500 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಲಾಯಿತು.

ಮೈಸೂರಿನ ಶಾಯಿ

ಮತ ಯಾರಿಗೆ ಎಂಬುದು ಒಂದು ಪ್ರಶ್ನೆಯಾದರೆ, ಮತ ಹಾಕಿದವರು ಮತ್ತೆ ಬಂದರೆ ಏನು ಮಾಡುವುದು ಎಂಬುದು ಇನ್ನೊಂದು. ಭಾವಚಿತ್ರದ ಗುರುತಿನ ಚೀಟಿ ಇಲ್ಲದ ಕಾಲದಲ್ಲಿ ಮತದಾರರ ಬೆರಳೇ ದಾಖಲೆಯಾಯಿತು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 3,89,816 ಸೀಸೆ ಶಾಯಿ ಬಳಕೆಯಾಯಿತು.

1962ರಿಂದ ಈ ಶಾಯಿಯನ್ನು ಪೂರೈಸುತ್ತಿರುವುದು ಮೈಸೂರಿನ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಇದು ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ರಾಜ್ಯ ಸರ್ಕಾರಿ ಉದ್ಯಮ. ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 2024ರ ಲೋಕಸಭಾ ಚುನಾವಣೆಗೆ ಇಲ್ಲಿಂದ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಹೋದವು. ಹಲವು ಹೊರದೇಶಗಳಿಗೂ ಈ ಶಾಯಿ ರಫ್ತಾಗುತ್ತದೆ.

ಶಾಯಿಯ ಪೂರ್ಣ ಸೂತ್ರ ಗುಟ್ಟಾಗಿದ್ದರೂ ಅದರ ಮುಖ್ಯ ಘಟಕ ಸಿಲ್ವರ್ ನೈಟ್ರೇಟ್ ಎಂಬುದು ತಿಳಿದ ಸಂಗತಿ. ಚರ್ಮಕ್ಕೆ ಹಚ್ಚಿದಾಗ ಅದು ಬೆವರಿನಲ್ಲಿರುವ ಉಪ್ಪಿನೊಂದಿಗೆ ವರ್ತಿಸಿ ಸಿಲ್ವರ್ ಕ್ಲೋರೈಡ್ ಆಗುತ್ತದೆ; ಚರ್ಮದ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಬೆಳಕು ಬಿದ್ದಾಗ ಬೆಳ್ಳಿಯ ಅಯಾನುಗಳು ಅಪಕರ್ಷಣೆಗೊಂಡು ಲೋಹದ ಸೂಕ್ಷ್ಮ ಕಣಗಳಾಗಿ ಕಪ್ಪಗೆ ಕಾಣುತ್ತವೆ. ಹಳೆಯ ಕಾಲದ ಫೋಟೊ ಫಿಲಂ ಕಪ್ಪಾಗುತ್ತಿದ್ದುದರ ಹಿಂದೆಯೂ ಇದೇ ರಸಾಯನಶಾಸ್ತ್ರವಿತ್ತು. ಈ ಕಣಗಳು ನೀರು, ಸೋಪುಗಳಿಗೆ ಕರಗುವುದಿಲ್ಲ. ಚರ್ಮದ ಮೇಲ್ಪದರ ಉದುರಿ, ಉಗುರು ಬೆಳೆದು ಹೋದಾಗಲೇ ಗುರುತು ಮಾಯವಾಗುತ್ತದೆ. (ಸಿಲ್ವರ್ ನೈಟ್ರೇಟ್ ಚರ್ಮ, ಕಣ್ಣುಗಳಿಗೆ ಹಾನಿ ಮಾಡಬಲ್ಲದು, ವಿದ್ಯಾರ್ಥಿಗಳು ಇದನ್ನು ತಾವಾಗಿಯೇ ಪ್ರಯೋಗಿಸಬಾರದು.)

ರಸಾಯನಶಾಸ್ತ್ರ ಸರಿಯಿದ್ದರೆ ಸಾಲದು, ಹಚ್ಚುವ ಕ್ರಮವೂ ಸರಿಯಿರಬೇಕು. ಬೆರಳಿಗೆ ಎಣ್ಣೆ ಸವರಿದ್ದರೆ ಶಾಯಿ ಚರ್ಮವನ್ನು ಮುಟ್ಟುವುದಿಲ್ಲ. ಆದ್ದರಿಂದ ಮೊದಲು ಬಟ್ಟೆಯಿಂದ ಒರೆಸಬೇಕು. ಮತದಾರರ ಸಹಿ ಪಡೆಯುವುದಕ್ಕೆ ಮೊದಲೇ ಶಾಯಿ ಹಚ್ಚಬೇಕು. ಅವರು ಹೊರಹೋಗುವಷ್ಟರಲ್ಲಿ ಅದು ಒಣಗಿರುತ್ತದೆ. 2006ರಿಂದ ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಕೆಳಗಿನವರೆಗೆ ಗೆರೆ ಎಳೆಯುವ ನಿಯಮ ಬಂದಿದೆ. 10 ಮಿಲಿಲೀಟರ್ ಸೀಸೆ ಸುಮಾರು 700 ಜನರಿಗೆ ಸಾಕಾಗುತ್ತದೆ. ತಲಾ ಎಷ್ಟು ಶಾಯಿ ಆಯಿತೆಂದು ಲೆಕ್ಕ ಹಾಕಿ ನೋಡಿ.

ಜಾಲಹಳ್ಳಿಯ ಯಂತ್ರ

ಶಾಯಿ ಒಬ್ಬೊಬ್ಬರನ್ನು ತಡೆಯಬಲ್ಲದು, ಗುಂಪನ್ನು ತಡೆಯಲಾರದು. ಮತಗಟ್ಟೆಗೆ ನುಗ್ಗಿ ಮತಪತ್ರಗಳಿಗೆ ಸರಸರನೆ ಮೊಹರೊತ್ತಿ ಪೆಟ್ಟಿಗೆ ತುಂಬುವ ಪ್ರಕರಣಗಳು ಹಲವು ರಾಜ್ಯಗಳಲ್ಲಿ ನಡೆದವು. ತಪ್ಪಾಗಿ ಮೊಹರೊತ್ತಿದ್ದರಿಂದ ತಿರಸ್ಕೃತವಾಗುವ ಮತಗಳ ಸಮಸ್ಯೆಯೂ ಇತ್ತು.

1977ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಎಸ್.ಎಲ್. ಶಕ್ಧರ್ ಅವರು ಯಂತ್ರದ ಸಾಧ್ಯತೆಯ ಬಗ್ಗೆ ವಿಚಾರಿಸಿದರು. ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆ 1979ರಲ್ಲಿ ಮಾದರಿಯೊಂದನ್ನು ರೂಪಿಸಿತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ಕಾರ್ಮಿಕ ಸಂಘದ ಚುನಾವಣೆಗೆಂದೇ ಮತಯಂತ್ರವೊಂದು ಸಿದ್ಧವಾಗಿತ್ತು. ಮುಂದೆ ದೇಶಕ್ಕೆ ಮತಯಂತ್ರ ತಯಾರಿಸಿಕೊಡುವ ಹೊಣೆ ಈ ಎರಡು ಸಂಸ್ಥೆಗಳ ಪಾಲಿಗೆ ಬಂತು.

ಮೊದಲ ಬಳಕೆ 1982ರ ಮೇ 19ರಂದು, ಕೇರಳದ ಪರವೂರ್ ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಗೆಲುವಿನ ಅಂತರ ಕೇವಲ 123 ಮತ! ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಮತಗಟ್ಟೆಗಳಲ್ಲಿ ಕಾಗದದ ಮೂಲಕ ಮರುಮತದಾನ ನಡೆದಾಗ ಫಲಿತಾಂಶವೇ ತಿರುಗಿಬಿತ್ತು. ತಂತ್ರಜ್ಞಾನ ಸಿದ್ಧವಿದ್ದರೂ ಕಾನೂನು ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. 1988ರ ಡಿಸೆಂಬರ್‌ನಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆ ಪೂರ್ತಿಯಾಗಿ ಯಂತ್ರಗಳಲ್ಲೇ ನಡೆಯಿತು.

ಯಂತ್ರದ ಮುಖ್ಯ ಗುಣ ಅದರ ನಿಧಾನ. ಮತಗಟ್ಟೆ ಅಧಿಕಾರಿ ಪ್ರತಿ ಬಾರಿ ಕಂಟ್ರೋಲ್ ಯೂನಿಟ್ಟಿನ ಗುಂಡಿ ಒತ್ತಿದ ನಂತರವೇ ಬ್ಯಾಲೆಟ್ ಯೂನಿಟ್ ಒಂದು ಮತ ಸ್ವೀಕರಿಸುತ್ತದೆ. ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಮತ ದಾಖಲಾಗದು ಎಂದಿಟ್ಟುಕೊಂಡರೂ 1,000 ಕಳ್ಳಮತಕ್ಕೆ 3 ಗಂಟೆ 20 ನಿಮಿಷ ಬೇಕು. ಅಷ್ಟರಲ್ಲಿ ಪೊಲೀಸರು ಬರಬಹುದು. ಅಧಿಕಾರಿಯು ‘ಕ್ಲೋಸ್’ ಗುಂಡಿ ಒತ್ತಿ ಯಂತ್ರವನ್ನೇ ನಿಲ್ಲಿಸಬಹುದು. ತಪ್ಪು ಮೊಹರಿನಿಂದ ಮತ ತಿರಸ್ಕೃತವಾಗುವ ಪ್ರಶ್ನೆಯೂ ಉಳಿಯಲಿಲ್ಲ.

ಆದರೆ ಪೆಟ್ಟಿಗೆಯೊಳಗೆ ಕಾಗದ ಬಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಮೆಮೊರಿಯೊಳಗೆ ದಾಖಲಾದ ಮತ ಕಾಣುವುದಿಲ್ಲ. ಈ ಸಂಶಯಕ್ಕೆ ಉತ್ತರವಾಗಿ ವಿವಿಪ್ಯಾಟ್ ಬಂತು. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲು ಬಳಸಿ, 2019ರಲ್ಲಿ ಎಲ್ಲ ಲೋಕಸಭಾ ಕ್ಷೇತ್ರಗಳಿಗೂ ವಿಸ್ತರಿಸಲಾಯಿತು. ಮುದ್ರಿತ ಚೀಟಿ 7 ಸೆಕೆಂಡು ಕಿಟಕಿಯಲ್ಲಿ ಕಂಡು ಪೆಟ್ಟಿಗೆಯೊಳಗೆ ಬೀಳುತ್ತದೆ. ಹೀಗೆ ಕಾಗದ ಯಂತ್ರದೊಳಗೇ ಮರಳಿ ಬಂತು. ಎಷ್ಟು ಚೀಟಿಗಳನ್ನು ಎಣಿಸಬೇಕೆಂಬುದು ಮುಂದಿನ ವಿವಾದವಾಯಿತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿ ಎಣಿಸಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲವನ್ನೂ ಎಣಿಸಬೇಕು ಅಥವಾ ಕಾಗದಕ್ಕೆ ಮರಳಬೇಕು ಎಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಆದರೆ ವಿವಿಪ್ಯಾಟ್‌ಗೆ ಚಿಹ್ನೆಗಳನ್ನು ತುಂಬುವ ಸಾಧನವನ್ನು ಮುದ್ರೆ ಹಾಕಿ 45 ದಿನ ಕಾಪಾಡಬೇಕೆಂದು ಸೂಚಿಸಿತು. ಕಾಕತಾಳೀಯವೆಂಬಂತೆ ಅಂದೇ ಬೆಂಗಳೂರು ಕೇಂದ್ರ ಕ್ಷೇತ್ರದಲ್ಲಿ ಮತದಾನವಿತ್ತು. ಗರುಡಾಚಾರ್‌ಪಾಳ್ಯದ ಮತದಾರರು ಬೆಳಗಿನಿಂದ ಸರತಿಯಲ್ಲಿ ನಿಂತು ಆ ಯಂತ್ರದ ಗುಂಡಿಯನ್ನೇ ಒತ್ತುತ್ತಿದ್ದರು.

ಬದಲಾಗದ ಎರಡು ಕೆಲಸ

ಈ ಎಪ್ಪತ್ತು ವರ್ಷಗಳಲ್ಲಿ ಪೆಟ್ಟಿಗೆ, ಕಾಗದ, ಯಂತ್ರ ಎಲ್ಲವೂ ಬದಲಾದವು. ಎರಡು ಕೆಲಸಗಳು ಮಾತ್ರ ಬದಲಾಗಲಿಲ್ಲ.

ಮೊದಲನೆಯದು, ಏನೂ ಇಲ್ಲ ಎಂಬುದನ್ನು ತೋರಿಸುವುದು. ಹಿಂದೆ ಅಧಿಕಾರಿ ಖಾಲಿ ಪೆಟ್ಟಿಗೆಯನ್ನು ಏಜೆಂಟರೆದುರು ತೆರೆದು ತೋರಿಸಿ ಮುದ್ರೆ ಹಾಕುತ್ತಿದ್ದರು. ಯಂತ್ರ ಬಂದ ಮೇಲೆ ಅಣಕು ಮತದಾನ ಬಂತು. ಬೆಳಿಗ್ಗೆ 7ಕ್ಕೆ ಮತದಾನವೆಂದರೆ ಐದೂವರೆಗೇ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ, ಫಲಿತಾಂಶವನ್ನು ಚೀಟಿಗಳೊಂದಿಗೆ ತಾಳೆ ನೋಡಿ, ಯಂತ್ರದ ಲೆಕ್ಕ ಅಳಿಸಿ, ಸೊನ್ನೆ ತೋರಿಸಬೇಕು. ಅಣಕು ಚೀಟಿಗಳನ್ನು ಹೊರತೆಗೆದು ಕಪ್ಪು ಲಕೋಟೆಯಲ್ಲಿ ಮುದ್ರೆ ಮಾಡಬೇಕು.

ಎರಡನೆಯದು, ಲೆಕ್ಕ ಹೊಂದಿಸುವುದು. ಮತಪತ್ರವಾದರೆ ಬಳಸಿದ್ದು ಮತ್ತು ಉಳಿದದ್ದು ಸೇರಿ ಪಡೆದದ್ದಕ್ಕೆ ಸಮವಾಗಬೇಕು. ಯಂತ್ರವಾದರೆ ಮತದಾರರ ರಿಜಿಸ್ಟರಿನ ಲೆಕ್ಕಕ್ಕೂ ಯಂತ್ರ ತೋರಿಸುವ ಒಟ್ಟು ಸಂಖ್ಯೆಗೂ ತಾಳೆಯಾಗಬೇಕು. ಆ ಲೆಕ್ಕವನ್ನು 17ಸಿ ನಮೂನೆಯಲ್ಲಿ ತುಂಬಿ ಏಜೆಂಟರಿಗೆ ಪ್ರತಿ ಕೊಡಬೇಕು. ಎಣಿಕೆಯ ದಿನ ಏಜೆಂಟರ ಕೈಯಲ್ಲಿರುವ ಆ ಪ್ರತಿಯೇ ಸಾಕ್ಷಿ.

ವಿಜ್ಞಾನದ ಪ್ರಯೋಗದಲ್ಲೂ ನಾವು ಮಾಡುವುದು ಇದನ್ನೇ. ಅಳೆಯುವ ಮೊದಲು ಉಪಕರಣದ ಸೊನ್ನೆಯನ್ನು ಪರೀಕ್ಷಿಸುತ್ತೇವೆ. ಇನ್ನೊಬ್ಬರು ಪರಿಶೀಲಿಸಲು ಬರುವಂತೆ ಅಂಕಿಗಳನ್ನು ದಾಖಲಿಸುತ್ತೇವೆ. ಸೊನ್ನೆ ನೋಡದ ತಕ್ಕಡಿ ಎಷ್ಟು ಬೆಲೆ ಬಾಳಿದರೂ ಅದರ ತೂಕವನ್ನು ನಂಬಲಾಗದು. ಮುಂದೆ ಗರುಡಾಚಾರ್‌ಪಾಳ್ಯದ ಶಾಲೆಯೊಂದರಲ್ಲಿ ಮೇಜಿನ ಮೇಲೆ ಇರುವುದು ಉಕ್ಕಿನ ಪೆಟ್ಟಿಗೆಯೋ ಯಂತ್ರವೋ, ಅದರಲ್ಲಿ ಏನೂ ಇಲ್ಲವೆಂದು ಮೊದಲು ತೋರಿಸಬೇಕಾದವರು ಅಲ್ಲಿ ಕುಳಿತ ಶಿಕ್ಷಕರೇ. ಬೆಳಗಿನ ಐದೂವರೆಗೆ, ನಿದ್ದೆಗಣ್ಣಿನಲ್ಲಿ ಬಂದ ಏಜೆಂಟರು ‘ಇರಲಿ ಬಿಡಿ ಮೇಷ್ಟ್ರೇ’ ಎಂದರೂ, ಆ 50 ಮತಗಳನ್ನು ಪೂರ್ತಿ ಹಾಕಿ ತೋರಿಸುವುದೇ ಸರಿ.