ಹಳ್ಳಿ ನಾಟಕದಿಂದ ಯೂಟ್ಯೂಬ್ ಚಾನೆಲ್‌ಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಊರಹಬ್ಬಕ್ಕೆ ರಾತ್ರಿಯಿಡೀ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡುವುದು ಹಳೆಯ ರೂಢಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಕಂದಪದ್ಯ, ರಂಗಗೀತೆಗಳು ಬೆಳಗಾಗುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. ಅಷ್ಟು ಶ್ರಮಕ್ಕೆ ಒಂದೇ ರಾತ್ರಿಯ ಆಯಸ್ಸು.

ಆ ಆಯಸ್ಸನ್ನು ಹೆಚ್ಚಿಸಿದ್ದು ಯೂಟ್ಯೂಬ್. 2005ರಲ್ಲಿ ಶುರುವಾದ ಅದು 2008ರಲ್ಲಿ ಭಾರತದ ಆವೃತ್ತಿ ತಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆ ಬಂದು ಡೇಟಾ ಅಗ್ಗವಾದ ಮೇಲೆ ಇಂಥ ನಾಟಕಗಳನ್ನು ಚಿತ್ರೀಕರಿಸಿ ಹಾಕುವ ಚಾನೆಲ್‌ಗಳು ಹಳ್ಳಿಯ ಮೊಬೈಲುಗಳಿಗೂ ತಲುಪಿದವು. 2018ರಿಂದ ಜಾಹೀರಾತಿನ ಆದಾಯದಲ್ಲಿ ಪಾಲು ಪಡೆಯಲು 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕಾಯಿತು. ಹೊಸಬರಿಗೆ ಇದು ಕಠಿಣ ನಿಯಮವೇ. ಆದರೆ ರಾತ್ರಿಯುದ್ದದ ನಾಟಕಕ್ಕೆ ಗಂಟೆಗಳ ಲೆಕ್ಕ ಅನುಕೂಲಕರ. ಪಾತ್ರಧಾರಿಗಳ ನೆಂಟರಿಷ್ಟರು, ದುಡಿಮೆಗೆಂದು ಬೆಂಗಳೂರು ಸೇರಿದ ಊರವರು ಇಂಥ ಚಾನೆಲ್‌ಗಳ ಸಹಜ ನೋಡುಗರು. ದುರ್ಯೋಧನನ ಪ್ರವೇಶ, ಕೃಷ್ಣಸಂಧಾನದಂಥ ದೃಶ್ಯಗಳನ್ನು ಬಿಡಿಬಿಡಿಯಾಗಿ ಹಾಕುವ ಪದ್ಧತಿಯೂ ಬೆಳೆಯಿತು.