ಫ್ರೆಂಚ್ ಟೋಸ್ಟ್

ಮೊಟ್ಟೆ, ಹಾಲು ಕದಡಿದ ಮಿಶ್ರಣದಲ್ಲಿ ಬ್ರೆಡ್ಡಿನ ಹೋಳುಗಳನ್ನು ಅದ್ದಿ, ಬೆಣ್ಣೆ ಅಥವಾ ತುಪ್ಪ ಸವರಿದ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಬೇಯಿಸಿದ ತಿಂಡಿ. ಭಾರತದಲ್ಲಿ ಇದಕ್ಕೆ ಬಾಂಬೆ ಟೋಸ್ಟ್ ಎಂಬ ಹೆಸರೂ ಇದೆ. ಸಾಮಾನೆಲ್ಲ ಕೈಗೆಟಕುವಂತಿದ್ದರೆ ಇಬ್ಬರಿಗೆ ಸಾಕಾಗುವಷ್ಟು ಹದಿನೈದು ನಿಮಿಷದಲ್ಲಿ ಆಗುತ್ತದೆ. ಹೆಸರು ಟೋಸ್ಟ್ ಎಂದಿದ್ದರೂ ಗರಿಗರಿ ಇರುವುದು ಹೊರಗಿನ ಪದರದಲ್ಲಿ ಮಾತ್ರ. ಒಳಗೆ ಗಿಣ್ಣಿನ ಮೆದು ಇರಬೇಕು.

ತಂಗಳು ಬ್ರೆಡ್ಡನ್ನು ಎಸೆಯದೆ ಉಣ್ಣುವ ಉಪಾಯವಾಗಿ ಇದು ಯುರೋಪಿನ ಉದ್ದಗಲಕ್ಕೂ ಹರಡಿದೆ. ಫ್ರೆಂಚರು ಇದನ್ನು ಕರೆಯುವುದು ‘ಪ್ಯಾಂ ಪೆರ್ದ್ಯು’ ಎಂದು. ಕಳೆದುಹೋದ ಬ್ರೆಡ್ಡು ಎಂದರ್ಥ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಒಗ್ಗರಣೆ ಕಂಡು ಚಿತ್ರಾನ್ನವಾಗುವ ಮನೆಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಜರ್ಮನರ ಹೆಸರು ‘ಆರ್ಮೆ ರಿಟರ್’, ಬಡ ಸರದಾರರು. ಸ್ಪೇನಿನಲ್ಲಿ ‘ತೊರ್ರಿಹಾಸ್’ ಎಂಬ ಹೆಸರಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಿಗೂ, ಪೋರ್ಚುಗಲ್ಲಿನಲ್ಲಿ ‘ರಬನಾದಾಸ್’ ಆಗಿ ಕ್ರಿಸ್‌ಮಸ್ಸಿಗೂ ಸಲ್ಲುತ್ತದೆ.

ಹೆಸರಿನಲ್ಲಿ ಫ್ರಾನ್ಸ್ ಇದ್ದರೂ ತಿಂಡಿ ಅದಕ್ಕಿಂತ ಹಳೆಯದು. ಅಪಿಸಿಯಸ್ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಪಾಕಗ್ರಂಥದಲ್ಲಿ ಉತ್ತಮ ಬಿಳಿ ಬ್ರೆಡ್ಡಿನ ಅಂಚು ತೆಗೆದು, ದೊಡ್ಡ ತುಂಡುಗಳಾಗಿ ಮುರಿದು, ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಮೇಲೆ ಜೇನು ಸುರಿದು ಬಡಿಸುವ ಕ್ರಮ ಸಿಗುತ್ತದೆ. ಅದರಲ್ಲಿ ಮೊಟ್ಟೆಯ ಮಾತಿಲ್ಲ. ಅಂಚು ತೆಗೆದು ಬಿಸಾಡುವ ಅಡುಗೆಮನೆ ಬಡವರದ್ದೂ ಆಗಿರಲಾರದು. ಇಂಗ್ಲಿಷಿನಲ್ಲಿ ಈ ಹೆಸರು 1660ರಷ್ಟು ಹಿಂದೆಯೇ ರಾಬರ್ಟ್ ಮೇ ಬರೆದ ಅಡುಗೆ ಪುಸ್ತಕದಲ್ಲಿ ಕಾಣುತ್ತದೆ. ಅಲ್ಲಿಯೂ ಮೊಟ್ಟೆ ಇಲ್ಲ: ಸುಟ್ಟ ಬ್ರೆಡ್ಡನ್ನು ದ್ರಾಕ್ಷಾಮದ್ಯ, ಸಕ್ಕರೆ, ಕಿತ್ತಳೆ ರಸದಲ್ಲಿ ನೆನೆಸುವುದಷ್ಟೇ. ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪದಿದ್ದ ಸಿಟ್ಟಿಗೆ 2003ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಕ್ಯಾಂಟೀನುಗಳು ಇದನ್ನು ‘ಫ್ರೀಡಮ್ ಟೋಸ್ಟ್’ ಎಂದು ಬರೆದವು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರೇ ವಾಪಸಾಯಿತು.

ಅವಸರದ ಅಡುಗೆಯಾದರೂ ಇದರ ಗೆಲುವು ಸೋಲು ಹಿಂದಿನ ದಿನವೇ ಅರ್ಧ ತೀರ್ಮಾನವಾಗಿರುತ್ತದೆ, ಬ್ರೆಡ್ಡು ತಂದ ದಿನ. ಹೊಸ ಬ್ರೆಡ್ಡು ಮೆತ್ತಗಿದ್ದು ಹಾಲು ತಾಗಿದೊಡನೆ ಮುದ್ದೆಯಾಗುತ್ತದೆ. ದಿನ ಕಳೆದಂತೆ ಅದರ ಪಿಷ್ಟ ಮತ್ತೆ ಹರಳುಗಟ್ಟಿ ಹೋಳು ಬಿಗಿಯಾಗುತ್ತದೆ, ತೇವವೂ ಸ್ವಲ್ಪ ಆರುತ್ತದೆ. ಆಗ ಅದು ಹಾಲು ಹೀರಿಯೂ ಆಕಾರ ಬಿಡುವುದಿಲ್ಲ. ಬೂಷ್ಟು ಹಿಡಿದಿದ್ದರೆ ಮಾತ್ರ ತಿಪ್ಪೆಗೇ ಸರಿ. ತಾಜಾ ಬ್ರೆಡ್ಡೇ ಗತಿಯಾದರೆ ಬರೀ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒಣಗಿಸಿಕೊಂಡರೆ ಕೆಲಸ ಸಾಗುತ್ತದೆ.

ನಾಲ್ಕು ಹೋಳಿಗೆ ಎರಡು ಮೊಟ್ಟೆ, ಅರ್ಧ ಲೋಟ ಹಾಲು (ಸುಮಾರು 120 ಮಿಲಿ), ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಬೇಕಿದ್ದರೆ ಏಲಕ್ಕಿ ಪುಡಿ. ಬಿಳಿ ಲೋಳೆಯ ಎಳೆಗಳು ಪೂರ್ತಿ ಕರಗುವವರೆಗೆ ಫೋರ್ಕಿನಿಂದ ಕಡೆಯಬೇಕು. ಎಳೆ ಉಳಿದರೆ ಹೋಳಿನ ಅಂಚಿನಲ್ಲಿ ತುಂಡು ಆಮ್ಲೆಟ್ಟು ನೇತಾಡುತ್ತದೆ. ಹಾಲು ಹೆಚ್ಚಾದರೆ ಮೊಟ್ಟೆಗೆ ಅದನ್ನು ಗಟ್ಟಿಗೊಳಿಸುವ ಶಕ್ತಿ ಸಾಲದೆ ನಡುಭಾಗ ಪಿಚಪಿಚ ಎನ್ನುತ್ತದೆ. ಪಾತ್ರೆ ಅಗಲವಾಗಿರಬೇಕು, ಅಂಚಿರುವ ಊಟದ ತಟ್ಟೆಯಾದರೂ ಸರಿ. 1979ರ ‘ಕ್ರೇಮರ್ ವರ್ಸಸ್ ಕ್ರೇಮರ್’ ಚಿತ್ರದಲ್ಲಿ ಹೆಂಡತಿ ಮನೆಬಿಟ್ಟ ಮರುದಿನ ಡಸ್ಟಿನ್ ಹಾಫ್‌ಮನ್ ಮಗನಿಗೆ ಇದನ್ನೇ ಮಾಡಲು ಹೋಗಿ, ಬ್ರೆಡ್ಡನ್ನು ಮಡಚಿ ಕಾಫಿ ಕಪ್ಪಿನೊಳಗೆ ತುರುಕುತ್ತಾನೆ. ಮುಂದಿನದು ಹೊಗೆ, ಸುಟ್ಟ ಕೈ, ಬೈಗುಳ. ಚಿತ್ರದ ಕೊನೆಯ ಹೊತ್ತಿಗೆ ಅದೇ ಅಪ್ಪ ಮಗ ಒಂದೂ ಮಾತಿಲ್ಲದೆ ಅದೇ ತಿಂಡಿ ಮಾಡುತ್ತಾರೆ. ಅಡುಗೆ ಕಲಿತ ಕೈಗಳಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಸಿನಿಮಾದಲ್ಲಿ ಅಪರೂಪ.

ತೆಳು ಹೋಳಿಗೆ ಬದಿಗೆ ಹತ್ತು ಸೆಕೆಂಡು ನೆನೆದರೆ ಸಾಕು. ಎರಡು ಸೆಂಟಿಮೀಟರ್ ದಪ್ಪದ, ಚೆನ್ನಾಗಿ ಒಣಗಿದ ಹೋಳಿಗೆ ಅರ್ಧ ನಿಮಿಷದ ಮೇಲೂ ಬೇಕು. ಎತ್ತಿದಾಗ ಒಂದು ಕ್ಷಣ ತೊಟ್ಟಿಕ್ಕಲು ಬಿಟ್ಟು ಕಾವಲಿಗೆ ಹಾಕಬೇಕು. ಉರಿ ಮಧ್ಯಮ. ಬೆಣ್ಣೆಯ ನೊರೆ ಇಳಿಯುವುದೇ ಹೋಳು ಹಾಕುವ ಸಮಯ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಕಪ್ಪಾಗುವುದರಿಂದ ಜೊತೆಗೆ ಸ್ವಲ್ಪ ಎಣ್ಣೆ ಸೇರಿಸುವವರೂ ಇದ್ದಾರೆ. ತುಪ್ಪಕ್ಕೆ ಆ ಭಯವಿಲ್ಲ. ಎರಡು ಮೂರು ನಿಮಿಷಕ್ಕೆ ತಳ ತಾನಾಗಿ ಬಿಟ್ಟುಕೊಳ್ಳುತ್ತದೆ, ಆಗ ಮಗುಚಬೇಕು. ಉರಿ ಜೋರು ಮಾಡಿದರೆ ಸಕ್ಕರೆ ಹೊತ್ತುತ್ತದೆ, ಒಳಗಿನ ಮೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಮೊಟ್ಟೆ ಸೇರಿದ ಅಡುಗೆಯ ಒಳಭಾಗ ಸುಮಾರು 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸುರಕ್ಷಿತವೆಂದು ಆಹಾರ ತಜ್ಞರು ಎಣಿಸುತ್ತಾರೆ. ಮನೆಯಲ್ಲಿ ಅದರ ಗುರುತೆಂದರೆ, ನಡುವೆ ಒತ್ತಿದಾಗ ದ್ರವ ಒಸರದೆ ಹೋಳು ಮರಳಿ ಉಬ್ಬುವುದು.

ಅಮೆರಿಕದಲ್ಲಿ ಮೇಲೆ ಮೇಪಲ್ ಪಾಕ ಸುರಿಯುತ್ತಾರೆ. ಹಾಂಗ್‌ಕಾಂಗಿನ ಚಹಾದಂಗಡಿಗಳಲ್ಲಿ ಎರಡು ಹೋಳುಗಳ ನಡುವೆ ಕಡಲೆಕಾಯಿ ಬೆಣ್ಣೆ ಸವರಿ, ಮೊಟ್ಟೆಯಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ರೂಪವಿದೆ. ಹೈದರಾಬಾದಿನ ಡಬಲ್ ಕಾ ಮೀಠಾ ನೋಟಕ್ಕೆ ಇದರ ನೆಂಟನಂತಿದ್ದರೂ ಕ್ರಮ ತಿರುಗುಮುರುಗು: ಅಲ್ಲಿ ಬ್ರೆಡ್ಡನ್ನು ಮೊದಲು ಕರಿದು ಆಮೇಲೆ ಪಾಕದಲ್ಲಿ, ಹಾಲಿನಲ್ಲಿ ನೆನೆಸುತ್ತಾರೆ, ಮೊಟ್ಟೆಯ ಅಗತ್ಯವಿಲ್ಲ.

ಭಾರತದ ಮನೆಗಳಲ್ಲಿ ಸಿಹಿಯ ಜೊತೆಗೆ ಖಾರದ ಕವಲೂ ಬೆಳೆದಿದೆ. ಸಕ್ಕರೆ ಬಿಟ್ಟು ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಅರಿಸಿನ ಬೆರೆಸುತ್ತಾರೆ. ಈರುಳ್ಳಿ ದಪ್ಪವಾದರೆ ಹೋಳಿಗೆ ಅಂಟದೆ ಕಾವಲಿಯಲ್ಲೇ ಉಳಿಯುತ್ತದೆ. ಮೊಟ್ಟೆ ತಿನ್ನದವರು ಹಾಲಿಗೆ ಕಸ್ಟರ್ಡ್ ಪುಡಿ ಕದಡಿ ಸಿಹಿಯದನ್ನೂ, ಕಡಲೆಹಿಟ್ಟಿನಲ್ಲಿ ಖಾರದ್ದನ್ನೂ ಮಾಡಿಕೊಳ್ಳುತ್ತಾರೆ. ಕಡಲೆಹಿಟ್ಟಿನದು ರುಚಿಯಲ್ಲಿ ಬಜ್ಜಿಯ ಕಡೆಗೇ ವಾಲುತ್ತದೆ. ಇನ್ನು ಕರ್ನಾಟಕದ ಅಯ್ಯಂಗಾರ್ ಬೇಕರಿಗೆ ಹೋಗಿ ಟೋಸ್ಟ್ ಕೇಳಿದರೆ ಬರುವುದು ಬೇರೆಯೇ ಪದಾರ್ಥ: ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್ಟಿನ ಖಾರದ ಪಲ್ಯ.