ಜೈವಿಕ ಮಾದರಿಗಳ ದಾಸ್ತಾನು

ಪ್ರಯೋಗಾಲಯದಲ್ಲಿರುವ ರಕ್ತ, ಅಂಗಾಂಶ, ಡಿಎನ್‌ಎ, ಜೀವಕೋಶ, ಸೂಕ್ಷ್ಮಜೀವಿ ಮುಂತಾದ ಮಾದರಿಗಳು ಎಲ್ಲಿಂದ ಬಂದವು, ಎಲ್ಲಿವೆ, ಎಷ್ಟು ಉಳಿದಿವೆ ಎಂಬುದನ್ನು ಬಿಡದೆ ದಾಖಲಿಸುವ ಪದ್ಧತಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಗೋಡಿ, ಬೊಮ್ಮಸಂದ್ರದವರೆಗೆ ಹೊಸೂರು ರಸ್ತೆಯ ಆಸುಪಾಸಿನಲ್ಲಿ ಬೆಳೆದ ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ಇದೇ ಬೆನ್ನೆಲುಬು.

1978ರಲ್ಲಿ ಆರಂಭವಾದ ಇಲ್ಲಿನ ಬಯೋಕಾನ್ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್, ಪಿಕಿಯಾ ಎಂಬ ಯೀಸ್ಟ್‌ನಿಂದ ತಯಾರಾದದ್ದು. ಇಂಥ ಔಷಧಿಗಳಿಗೆ ‘ಮಾಸ್ಟರ್ ಸೆಲ್ ಬ್ಯಾಂಕ್’ ಎಂಬ ಕೋಶಗಳ ಸಂಗ್ರಹ ಮೂಲ ಬೀಜವಿದ್ದಂತೆ. ಅದರಿಂದ ‘ವರ್ಕಿಂಗ್ ಸೆಲ್ ಬ್ಯಾಂಕ್’, ಅದರಿಂದ ಪ್ರತಿ ಬ್ಯಾಚು. ಯಾವ ಬ್ಯಾಚು ಯಾವ ಸೀಸೆಯಿಂದ ಹುಟ್ಟಿತೆಂದು ವರ್ಷಗಳ ನಂತರವೂ ತೋರಿಸಲು ಬರಬೇಕು.

ಹಲವು ಮಾದರಿಗಳನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ, ಜೀವಂತ ಕೋಶಗಳನ್ನು ಸಾಮಾನ್ಯವಾಗಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಪಾತ್ರೆಯಲ್ಲಿ ಇಡುತ್ತಾರೆ. ಕೈಬರಹದ ಚೀಟಿ ಹಿಮಕ್ಕೂ ಆಲ್ಕೋಹಾಲಿಗೂ ಅಳಿಸಿಹೋಗುತ್ತದೆ, ಆದ್ದರಿಂದ ಬಾರ್‌ಕೋಡ್. ಫ್ರೀಜರು, ರ‍್ಯಾಕು, ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಮನೆ ಎಲ್ಲವೂ ಕಂಪ್ಯೂಟರಿನಲ್ಲಿರುತ್ತವೆ. ಮಾದರಿಯನ್ನು ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಲಾಯಿತು ಎಂಬುದನ್ನು ಬರೆಯದ ದಾಖಲೆ ಅಪೂರ್ಣ. ಪ್ರತಿ ಸಲವೂ ಆರ್‌ಎನ್‌ಎ, ಪ್ರೋಟೀನುಗಳು ಹದಗೆಡಬಹುದು, ಸೀಸೆ ಮಾತ್ರ ಮೊದಲಿನಂತೆಯೇ ಕಾಣುತ್ತದೆ.

ಭಾರತೀಯರ ಜೀನೋಮ್ ಅಧ್ಯಯನಕ್ಕೆಂದು 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 20,000 ರಕ್ತದ ಮಾದರಿಗಳ ಭಂಡಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿದೆ. ಮನುಷ್ಯರ ಮಾದರಿಯ ಜತೆಗೆ ದಾನಿಯ ಒಪ್ಪಿಗೆಯ ದಾಖಲೆಯೂ ಇರಬೇಕು. ಗುರುತು ಅಳಿಸದ ಮಾದರಿಯನ್ನು ದಾನಿ ಹಿಂಪಡೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅವಕಾಶ ಕೊಡುತ್ತದೆ.